ಚಿಕ್ಕಪ್ಪನ ಕೋವಿಗೆ ಸಿಕ್ಕ ಮರ್ಯಾದೆ

"ಕೋವಿ ಡಿಪಾಸಿಟ್ ಮಾಡ್ಬೇಕು, ಜೀಪ್ ತೆಗಿ ಮಾರಾಯ್ತಿ" ಎಂದು ಚಿಕ್ಕಪ್ಪ ಬೆಳಿಗ್ಗೆಯೇ ಬಂದು ನಿಂತರು. ನನಗೆ ಗಾಬರಿ. ಇವರ ಹತ್ತಿರ ಕೋವಿ ಎಲ್ಲಿತ್ತು?

ಚುನಾವಣೆ ಬಂತೆಂದರೆ ನಮ್ಮ ಕಡೆ ತೋಟದವರೆಲ್ಲ ಲೈಸೆನ್ಸ್ ಕೋವಿಗಳನ್ನು ಪೊಲೀಸ್ ಸ್ಟೇಷನ್ನಿನಲ್ಲಿ ಇಟ್ಟು ಬರಬೇಕು. (ಕಾಡುಹಂದಿಗಳಿಗೆ ಹಬ್ಬ.) ಚಿಕ್ಕಪ್ಪ ತಂದದ್ದು ಪಿವಿಸಿ ಪೈಪಿನಲ್ಲಿ ತಾವೇ ಮಾಡಿದ, ಮಂಗ ಓಡಿಸುವ ಕೋವಿ! ಗುಂಡಿಲ್ಲ, ಬರೀ ಸದ್ದು.

ಗೋಣಿಬೀಡಿನ ನಮ್ಮ ಚಿಕ್ಕಪ್ಪ ಹುಟ್ಟು ಸಂಶೋಧಕರು. ಹಂದಿ ಓಡಿಸಲು ಹಳ್ಳದ ನೀರಿನ ರಭಸಕ್ಕೆ ತಾನಾಗಿ ಬಡಿದುಕೊಳ್ಳುವ ಡಬ್ಬ, ಮೂರು ಕಲ್ಲು ಒಟ್ಟಿಗೆ ಬೀರುವ ಕವಣೆ, ಒಂದೇ ಎರಡೇ? ವಾಯುಪಡೆಯೂ ಇತ್ತು. ಕಿತ್ತಳೆಗೆ ಬರುವ ಗಿಳಿಗಳನ್ನು ಹೆದರಿಸಲು ಹಳೇ ಕೊಡೆಬಟ್ಟೆಯ ಗಿಡುಗ. ಹಾರಿತು. ಹಾರಿ ಪಕ್ಕದ ತೋಟದವರ ಕಾಫಿ ಕಣದಲ್ಲಿ ಇಳಿಯಿತು. (ಅದರ ಮೇಲೆ ಗಿಳಿ ಕೂತದ್ದನ್ನು ನಾನೇ ನೋಡಿದ್ದೇನೆ.)

ಮನೆಯಲ್ಲಿ ನಾವು ನಕ್ಕಿದ್ದೇ ನಕ್ಕಿದ್ದು. ತಮ್ಮ ಕೋವಿಯನ್ನು ಯಾರಾದರೂ ಒಮ್ಮೆ ಕೋವಿ ಎಂದು ಒಪ್ಪಲಿ, ಅಷ್ಟೇ ಅವರ ಆಸೆ.

ಸ್ಟೇಷನ್ನಿನಲ್ಲಿ ಜೋಡಿನಳಿಗೆ ಕೋವಿ ಹಿಡಿದ ಪ್ಲಾಂಟರುಗಳ ಸಾಲು. ನಮ್ಮ ಸರದಿ ಬಂದಾಗ ಕಾನ್‌ಸ್ಟೇಬಲ್ ಕಣ್ಣರಳಿಸಿದರು.

"ಗೌಡ್ರೇ, ಇದು ಪೈಪಲ್ವಾ? ಮನೆಗೆ ತಗೊಂಡೋಗಿ."

"ಕೋವಿ ಕಣ್ರೀ. ನಾನೇ ಮಾಡಿದ್ದು."

ಸಾಲಿಗೆ ಸಾಲೇ ನಕ್ಕಿತು. ಚಿಕ್ಕಪ್ಪನ ಮುಖ ಸಪ್ಪಗಾಯಿತು. ನನಗೋ ಮೈಯೆಲ್ಲ ಉರಿಯಿತು. ನಮ್ಮ ಚಿಕ್ಕಪ್ಪನನ್ನು ನೋಡಿ ನಗಲು ಇವರ್ಯಾರು? ನಗಬೇಕಾದರೆ ನಾವಿಲ್ಲವೇ?

ಅಷ್ಟರಲ್ಲಿ ಮಂಗವೊಂದು ಕಿಟಕಿಯಲ್ಲಿದ್ದ ಕಾನ್‌ಸ್ಟೇಬಲರ ಟಿಫಿನ್ ಬಾಕ್ಸಿಗೆ ಕೈ ಹಾಕಿತು. (ಕಡುಬಿತ್ತು. ಮಂಗಕ್ಕೂ ರುಚಿ ಗೊತ್ತು.) ಚಿಕ್ಕಪ್ಪ ಅಂಗಳಕ್ಕಿಳಿದು ಪೈಪನ್ನು ಆಕಾಶಕ್ಕೆ ಎತ್ತಿದರು.

ಢಂ!

ಮಂಗ ಮಾಯ. ಪ್ಲಾಂಟರುಗಳು ಬೆಂಚಿನ ಕೆಳಗೆ. ಎಸ್‌ಐ ಹೊರಗೋಡಿ ಬಂದರು.

"ಯಾರ್ರೀ ಫೈರ್ ಮಾಡಿದ್ದು? ಮೊದ್ಲು ಆ ಕೋವಿ ಕಿತ್ಕೊಂಡು ಒಳಗಿಡ್ರೀ!"

"ಕೋವಿ ಅಂದ್ರು, ಕೇಳಿಸ್ತಾ?" ಎಂದು ಚಿಕ್ಕಪ್ಪ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಬೈಸಿಕೊಂಡು ಅಷ್ಟು ಖುಷಿಪಟ್ಟವರನ್ನು ನಾನು ಕಂಡಿಲ್ಲ.

ಚುನಾವಣೆ ಮುಗಿಯಿತು. ಎಲ್ಲರ ಕೋವಿಗಳೂ ಮನೆಗೆ ಬಂದವು. ಚಿಕ್ಕಪ್ಪನದು ಮಾತ್ರ ಬಂದಿಲ್ಲ. ಸ್ಟೇಷನ್ನಿನ ಹಿಂದಿನ ಹಲಸಿನ ಮರಕ್ಕೆ ಮಂಗಗಳ ಕಾಟ; ದಿನಾ ಢಂ ಎನ್ನುತ್ತದಂತೆ. ವಾಪಸ್ ತರೋಣವೇ ಎಂದು ಕೇಳಿದೆ.

"ಇರ್ಲಿ ಬಿಡು ಮಾರಾಯ್ತಿ. ಡ್ಯೂಟಿ ಮೇಲಿದೆ."

ಅಂತೂ ನಮ್ಮ ಮನೆತನದಲ್ಲಿ ಸರ್ಕಾರಿ ನೌಕರಿ ಸಿಕ್ಕಿದ್ದು ಇಲ್ಲಿಯವರೆಗೆ ಒಂದು ಪೈಪಿಗೆ ಮಾತ್ರ!