ರತ್ನಾವತಿ ಟೀಚರ್ ಕಿತ್ತುಕೊಂಡ ಪುಸ್ತಕ

ರತ್ನಾವತಿ ಟೀಚರ್ ನಮ್ಮ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು, ನಾನು ಲೆಕ್ಕ. ಇಬ್ಬರ ಮನೆಯೂ ಜೆಪ್ಪುವಿನಲ್ಲಿ. ಶಾಲೆಯಿದ್ದ ಬಲ್ಮಠಕ್ಕೆ ಒಂದೇ ಬಸ್ಸಿನಲ್ಲಿ ಬಂದು, ಸ್ಟಾಫ್ ರೂಮಿನಲ್ಲಿ ಒಂದೇ ಮೇಜಿನ ಆಚೆ ಈಚೆ ಕೂತು ಹದಿನಾರು ವರ್ಷ ಕಳೆದವರು ನಾವು.

ಅವರು ಗದ್ದೆ ತೋಟಗಳಿದ್ದ ದೊಡ್ಡ ಗುತ್ತಿನ ಮನೆಯಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಭತ್ತದ ಕಣಜದ ಹಿಂದೆ ಅಡಗಿ ಕೂತು ಸಿಕ್ಕಿದ್ದನ್ನೆಲ್ಲ ಓದುತ್ತಿದ್ದರಂತೆ. ಬೆಲ್ಲ ಕಟ್ಟಿಕೊಂಡು ಬಂದ ಕಾಗದವನ್ನೂ ಬಿಡುತ್ತಿರಲಿಲ್ಲವಂತೆ. ನಾನು ಕಂಡ ರತ್ನಾವತಿ ಟೀಚರಲ್ಲಿ ಆ ಹುಡುಗಿಯ ಸುಳಿವೇ ಇರಲಿಲ್ಲ.

"ಎಂತ ಓದುವುದು ರೊಸಾಲಿನ್? ಪುಸ್ತಕ ತೆರೆದರೆ ನನಗೆ ಕಾಣುವುದು ತಪ್ಪುಗಳು ಮಾತ್ರ. ಕೈ ಕೆಂಪು ಪೆನ್ನಿಗೆ ಹೋಗ್ತದೆ," ಎನ್ನುತ್ತಿದ್ದರು.

೧೯೭೮ರ ಜುಲೈ. ಹತ್ತನೇ ತರಗತಿಗೆ ಅವರೇ ಕ್ಲಾಸ್ ಟೀಚರ್. ಪಾಠದ ನಡುವೆ ಸ್ನೇಹಲತಾ ಎಂಬ ಹುಡುಗಿ ಕನ್ನಡ ಪುಸ್ತಕದೊಳಗೆ ಇನ್ನೊಂದು ಪುಸ್ತಕ ಇಟ್ಟು ಓದುತ್ತಿದ್ದುದು ಕಣ್ಣಿಗೆ ಬಿತ್ತು. 'ಮರೆವಿನ ದ್ವೀಪ', ಮೊದಲನೆಯ ಭಾಗ. ಆ ವರ್ಷ ಊರಿನ ಹುಡುಗಿಯರೆಲ್ಲ ಆ ಮಾಲೆಯ ಹಿಂದೆ ಬಿದ್ದಿದ್ದರು. ಟೀಚರ್ ಪುಸ್ತಕ ಕಿತ್ತುಕೊಂಡರು. ಕ್ಲಾಸೆಲ್ಲ ನಕ್ಕಿತು. ಇಂಥದ್ದಕ್ಕೆ ಮನೆಗೆ ತಿಳಿಸಬೇಕೆಂಬ ನಿಯಮವಿತ್ತು. ಟೀಚರ್ ಅಲ್ಲೇ ಒಂದು ಪೋಸ್ಟ್‌ಕಾರ್ಡಿನಲ್ಲಿ ಎರಡು ಸಾಲು ಗೀಚಿದರು: 'ನಿಮ್ಮ ಮಗಳು ತರಗತಿಯಲ್ಲಿ ಪ್ರೇಮದ ಪುಸ್ತಕಗಳನ್ನು ಓದುತ್ತಿದ್ದಾಳೆ. ಗಮನ ಇರಲಿ.'

ಪುಸ್ತಕ ಅವರ ಚೀಲದಲ್ಲೇ ಉಳಿಯಿತು. ಶನಿವಾರ ಮಧ್ಯಾಹ್ನ, ಮಕ್ಕಳು ಎಂಥದ್ದು ಓದುತ್ತಾರೆ ನೋಡುವಾ ಎಂದು ತೆರೆದರಂತೆ, ಕೈಯಲ್ಲಿ ಕೆಂಪು ಪೆನ್ನು ಹಿಡಿದೇ. ಆ ಪುಸ್ತಕವನ್ನು ಆಮೇಲೆ ನನಗೆ ತೋರಿಸಿದರು. ಮೊದಲ ಇಪ್ಪತ್ತು ಪುಟಗಳಲ್ಲಿ ಕಾಗುಣಿತದ ತಪ್ಪಿಗೆಲ್ಲ ಸುತ್ತು ಹಾಕಿದ್ದರು. ಇಪ್ಪತ್ತೆರಡನೆಯ ಪುಟದಿಂದ ಒಂದು ಗೆರೆಯೂ ಇಲ್ಲ.

ಕಥೆ ಹೀಗೆ: ಶಾಪಕ್ಕೆ ಸಿಕ್ಕಿದ ಒಬ್ಬ ರಾಜಕುಮಾರ ಪ್ರತಿ ಅಮಾವಾಸ್ಯೆಗೆ ತಾನು ಪ್ರೀತಿಸಿದವಳನ್ನು ಮರೆಯುತ್ತಾನೆ. ಅವಳು ದೋಣಿ ನಡೆಸುವವಳು. ಪ್ರತಿ ತಿಂಗಳೂ ಅವನ ಮನಸ್ಸನ್ನು ಮೊದಲಿನಿಂದ ಗೆಲ್ಲಬೇಕು. ನಡುವೆ ಮಾತಾಡುವ ಶಂಖ, ನೀರಿನಡಿಯ ಪಟ್ಟಣ. ನನಗೆ ನಗು ಬಂತು. ಟೀಚರ್ ನಗಲಿಲ್ಲ.

"ನಗಬೇಡ ಮಾರಾಯ್ತಿ. ಅನ್ನ ಸೀದು ಹೋದದ್ದು ನನಗೆ ಗೊತ್ತೇ ಆಗಲಿಲ್ಲ. ಇಪ್ಪತ್ತೈದು ವರ್ಷ ಆಯ್ತು, ಹಾಗೆ ಓದದೆ."

ಸೋಮವಾರ ಸಂಜೆ ಅವರು ಜೊಕಿಮ್‌ನ ಬಾಡಿಗೆ ಪುಸ್ತಕದ ಅಂಗಡಿಯ ಮೆಟ್ಟಿಲು ಹತ್ತಿದರು. ಎರಡನೆಯ ಭಾಗ ಕೇಳಿದಾಗ ಜೊಕಿಮ್ ಕನ್ನಡಕ ಸರಿಮಾಡಿಕೊಂಡು ನೋಡಿದ. "ಯಾರಿಗೆ ಟೀಚರ್, ಮಗಳಿಗಾ?" "ನನಗೇ," ಎಂದರು. ಬಸ್ಸಿನಲ್ಲಿ ಓದುತ್ತ ಇಳಿಯುವ ಸ್ಟಾಪು ದಾಟಿ ಹೋಯಿತು. ಮೂರನೆಯ ಭಾಗದ ಹೊತ್ತಿಗೆ ಅವರ ಮುಖವೇ ಬೇರೆಯಾಗಿತ್ತು. ಜ್ವರ ಬಿಟ್ಟು ಎದ್ದವರ ಹಾಗೆ, ನೋಡಿದ್ದೆಲ್ಲ ಹೊಸತೆಂಬಂತೆ.

ಒಂದು ದಿನ ನಾನೇ ಕೇಳಿದೆ: "ನಿಮ್ಮ ಕ್ಲಾಸಿನ ಸ್ನೇಹಲತಾ ಎಂತ ಬರುವುದಿಲ್ಲ? ನನ್ನ ಟೆಸ್ಟ್ ಸಹ ಬರೆಯಲಿಲ್ಲ."

ಅವರು ಹಾಜರಿ ಪುಸ್ತಕ ತೆರೆದರು. ಹನ್ನೊಂದು ದಿನ ಗೈರು. ಗುರುತು ಹಾಕಿದ್ದು ಅವರದೇ ಕೈ. ಹೆಸರು ಕರೆದಿದ್ದರು, ಉತ್ತರ ಬಂದಿರಲಿಲ್ಲ, ಗುರುತು ಹಾಕಿ ಮುಂದಿನ ಹೆಸರಿಗೆ ಹೋಗಿದ್ದರು. ಮನಸ್ಸೆಲ್ಲ ದ್ವೀಪದಲ್ಲಿತ್ತು.

ಆ ಭಾನುವಾರ ನನ್ನನ್ನೂ ಕರೆದುಕೊಂಡು ಕೂಳೂರಿಗೆ ಹೋದರು. ಸೇತುವೆ ದಾಟಿ ಇಳಿದು, ಕೆಸರಿನ ಓಣಿಯಲ್ಲಿ ವಿಚಾರಿಸುತ್ತ ಹುಡುಗಿಯ ಮನೆ ಹುಡುಕಿದೆವು. ಜಗಲಿಯಲ್ಲಿ ಸ್ನೇಹಲತಾ ಅಮ್ಮನ ಪಕ್ಕ ಕೂತು ಬೀಡಿ ಕಟ್ಟುತ್ತಿದ್ದಳು. ಮಡಿಲಲ್ಲಿ ತಡ್ಪೆ, ಎಲೆ ಹೊಗೆಸೊಪ್ಪು ತುಂಬಿದ ಮೊರ. ನಮ್ಮನ್ನು ಕಂಡು ಎದ್ದು ನಿಂತಳು. ತಾಯಿ ಅಮ್ಮಣಿ ಚಾಪೆ ಹಾಸಿದಳು. ಒಳಗಿನಿಂದ ಅಮ್ಮಣಿಯ ಅಣ್ಣ ಬೋಜ ಬಂದ. ಹುಡುಗಿಗೆ ತಂದೆ ಇರಲಿಲ್ಲ; ಇದ್ದಿದ್ದರೂ ಆ ಮನೆಯಲ್ಲಿ ಸೋದರಮಾವನದೇ ಮಾತು.

ಬೋಜ ಕೂಗಾಡಲಿಲ್ಲ. ತುಂಬ ಮರ್ಯಾದೆಯಿಂದಲೇ ಮಾತಾಡಿದ.

"ನೀವೇ ಅಲ್ವಾ ಟೀಚರ್ ಬರೆದದ್ದು? ನಮ್ಮಲ್ಲಿ ಇವಳನ್ನು ಬಿಟ್ರೆ ಓದಲಿಕ್ಕೆ ಬರುವವರು ಯಾರು? ಕಾರ್ಡನ್ನು ಅಂಗಡಿಯಲ್ಲಿ ಓದಿಸಿದೆ. ಅಲ್ಲಿ ಹತ್ತು ಜನ ಇದ್ರು. ಪ್ರೇಮ ಅಂತ ಓದಿದ ಕೂಡ್ಲೆ ಎಲ್ಲ ನನ್ನ ಮುಖ ನೋಡಿದ್ರು."

"ಅದು ಬರೀ ಕಥೆ," ಎಂದರು ಟೀಚರ್. "ಹಾಳು ಪುಸ್ತಕ ಅಲ್ಲ. ಈಗ ನಾನು ಸಹ ಓದ್ತಾ ಇದ್ದೇನೆ. ತಪ್ಪು ನನ್ನದು. ಹುಡುಗಿಯನ್ನು ಕಳಿಸಿ."

"ನೀವು ಓದಬಹುದು ಟೀಚರ್. ನಿಮ್ಮನ್ನು ಯಾರು ಕೇಳ್ತಾರೆ? ಸಂಬಳ ಉಂಟು, ಗಂಡ ಇದ್ದಾರೆ. ಇವಳ ಹೆಸರು ಒಮ್ಮೆ ಹೋದ್ರೆ ಹೋಯ್ತು."

ತರಗತಿಯಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡುವ ಟೀಚರ್ ಸೆರಗಿನ ತುದಿ ಸುತ್ತುತ್ತ ಕೂತಿದ್ದರು. ಅಮ್ಮಣಿ ಕೊಟ್ಟ ಬೆಲ್ಲ ನೀರು ಕುಡಿದು ಎದ್ದೆವು.

ಅವರು ಸುಮ್ಮನಾಗಲಿಲ್ಲ. ಮುಖ್ಯೋಪಾಧ್ಯಾಯಿನಿಯ ಕೈಕಾಲು ಹಿಡಿದು, ಕಾರ್ಡಿನಲ್ಲಿ ಬರೆದದ್ದು ಸರಿಯಲ್ಲವೆಂದು ಶಾಲೆಯ ಮೊಹರು ಒತ್ತಿದ ಪತ್ರ ಮಾಡಿಸಿದರು. ಬೋಜ ಅದನ್ನು ಮಡಚಿ ಕಿಸೆಗೆ ಹಾಕಿದನಂತೆ. ಅಂಗಡಿಯಲ್ಲಿ ನಕ್ಕವರನ್ನು ಮತ್ತೆ ಸೇರಿಸಿ ಅದನ್ನು ಓದಿಸುವವರು ಯಾರು? ಮನೆಯಲ್ಲಿದ್ದೇ ಪರೀಕ್ಷೆಗೆ ಕಟ್ಟಬಹುದೆಂದು ಅರ್ಜಿ ತೆಗೆದುಕೊಂಡು ಹೋದರು. ಬೋಜನ ಸಹಿ ಇಲ್ಲದೆ ಅದು ವಾಪಸು ಬಂತು.

ಮತ್ತೊಮ್ಮೆ ನಾನೂ ಜೊತೆಗೆ ಹೋದಾಗ ಬೋಜ ಇರಲಿಲ್ಲ. ಟೀಚರ್ ಚೀಲದಿಂದ ಎರಡನೆಯ ಭಾಗ ತೆಗೆದು ಹುಡುಗಿಯ ಮುಂದೆ ಇಟ್ಟರು. ಅವಳು ಕೈ ಚಾಚುವ ಮೊದಲೇ ಅಮ್ಮಣಿ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಟೀಚರ ಮಡಿಲಿಗೆ ಮರಳಿಸಿದಳು.

"ಬೇಡ ಟೀಚರೇ. ಮನೆಯಲ್ಲಿ ಪುಸ್ತಕ ಕಂಡ್ರೆ ಅಣ್ಣ ನನ್ನನ್ನೂ ಬಿಡುವುದಿಲ್ಲ. ನೀವು ಒಳ್ಳೆಯವರು, ನನಗೆ ಗೊತ್ತುಂಟು. ಆದ್ರೆ ನೀವು ಸಂಜೆ ಬಸ್ಸಿಗೆ ಹೋಗ್ತೀರಿ. ನಾವು ಇಲ್ಲೇ ಇರಬೇಕಲ್ಲ."

ಸ್ನೇಹಲತಾ ತಲೆ ಎತ್ತದೆ ಎಲೆ ಕತ್ತರಿಸುತ್ತಿದ್ದಳು. ಹಾಗೆಯೇ ಮೆಲ್ಲಗೆ ಕೇಳಿದಳು:

"ಟೀಚರ್, ಅಮಾವಾಸ್ಯೆ ಕಳೆದ ಮೇಲೆ ಅವನಿಗೆ ಅವಳ ಗುರುತು ಸಿಗ್ತದಾ?"

ಟೀಚರ್ ಹೇಳತೊಡಗಿದರು. ದೋಣಿ ಹೇಗೆ ಮುಳುಗಿತು, ಶಂಖ ಯಾರ ಕೈ ಸೇರಿತು, ಅವಳು ತನ್ನ ಹೆಸರನ್ನೇ ಕೊಟ್ಟು ಅವನ ಪ್ರಾಣ ಹೇಗೆ ಉಳಿಸಿಕೊಂಡಳು, ಎಲ್ಲ. ಹುಡುಗಿಯ ಬೆರಳುಗಳು ನಿಂತವು. ಅಮ್ಮಣಿಯ ಕತ್ತರಿಯೂ ನಿಂತಿತು. ಎರಡನೆಯ ಭಾಗದ ಅರ್ಧಕ್ಕೆ ಬಂದಿದ್ದರಷ್ಟೆ. ಓಣಿಯಲ್ಲಿ ಸೈಕಲ್ಲಿನ ಗಂಟೆ ಕೇಳಿತು. ತಾಯಿ ಮಗಳಿಬ್ಬರೂ ಥಟ್ಟನೆ ತಡ್ಪೆಗೆ ಬಗ್ಗಿದರು. ಬೋಜ ಅಂಗಳದಲ್ಲೇ ನಿಂತು, "ಇನ್ನು ನೀವು ಕಷ್ಟಪಟ್ಟು ಬರುವುದು ಬೇಡ ಟೀಚರ್," ಎಂದ. ಬಸ್ ಸ್ಟಾಪಿನವರೆಗೆ ಕೊಡೆ ಹಿಡಿದುಕೊಂಡು ಬಂದು ಬಿಟ್ಟು ಹೋದ.

ಡಿಸೆಂಬರಿನಲ್ಲಿ ಹುಡುಗಿಯ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದು ಹಾಕಬೇಕಾಯಿತು. ಟೀಚರ್ ಅದನ್ನು ನನ್ನಿಂದ ಮಾಡಿಸಿದರು. ಮರುವರ್ಷ ಅವಳನ್ನು ಬೊಂಬಾಯಿಯಲ್ಲಿ ಹೋಟೆಲು ಕೆಲಸದಲ್ಲಿದ್ದ ಒಬ್ಬನಿಗೆ ಮದುವೆ ಮಾಡಿಕೊಟ್ಟರೆಂದು ಕೂಳೂರಿನ ಇನ್ನೊಬ್ಬ ಹುಡುಗಿ ಹೇಳಿದಳು. ವಿಳಾಸ ಅವಳಿಗೂ ಗೊತ್ತಿರಲಿಲ್ಲ.

ಹೆಸರು ಹೊಡೆದ ಮರುತಿಂಗಳು, ಜನವರಿಯಲ್ಲಿ, ನಾಲ್ಕನೆಯ ಭಾಗ ಬಂದಿತ್ತು. ಬಂದ ದಿನವೇ ಟೀಚರ್ ಅದನ್ನು ತಂದಿದ್ದರು.

"ತರಬಾರದು ಅಂತ ಎಣಿಸಿದ್ದೆ ರೊಸಾಲಿನ್," ಎಂದರು, ನನ್ನ ಮುಖ ನೋಡದೆ. "ಕಾಲು ಕೇಳಲಿಲ್ಲ. ಈಗ ಬಿಡುವಾ ಅಂದ್ರೆ ಬಿಡ್ಲಿಕ್ಕೆ ಆಗುವುದಿಲ್ಲ. ಆ ಮಗುವಿನಿಂದ ಕಿತ್ತುಕೊಂಡು ನಾನು ಉಣ್ಣುತ್ತಾ ಇದ್ದೇನೆ."

ನಾನು ಚಹಾ ತರಿಸಿದೆ. ಅವರು ಒಂದು ಗುಟುಕು ಕುಡಿದು, ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡರು. ಪುಟ ತಿರುಗಿಸುತ್ತ ಕಣ್ಣು ಒರೆಸಿಕೊಳ್ಳುತ್ತಿದ್ದರು. ಬೆಲ್ಲು ಹೊಡೆದದ್ದು ಅವರಿಗೆ ಕೇಳಲಿಲ್ಲ. ಅವರ ಕ್ಲಾಸಿಗೆ ನಾನೇ ಹೋದೆ.