ಆರಿನ್ ಹಾಕಿಸಿದ ಸಾಕೆಟ್

ಅಮೆರಿಕದ ವಯೋಮಿಂಗ್‌ನಲ್ಲಿ ಮೂವತ್ತು ವರ್ಷ ಕುದುರೆಗಳಿಗೆ ಲಾಳ ಕಟ್ಟಿದ ವರ್ನಾ ಕರೆಂಟಿನ ಪಿಕಪ್ ಕೊಂಡಾಗ ಎಲ್ಲರಿಗಿಂತ ಹೆಚ್ಚು ನಕ್ಕವನು ದನ ಸಾಕುವ ಆರಿನ್. ಖಾಲಿ ಗಾಡಿ ಮುನ್ನೂರು ಮೈಲಿ ಓಡುತ್ತಿತ್ತು. ಆದರೆ ಒಂದು ದಿನ ಹಿಂದೆ ಎರಡು ಕುದುರೆಗಳ ಟ್ರೇಲರ್, ಮುಂದೆ ಹಾಳು ಎದುರುಗಾಳಿ. ನೂರಿಪ್ಪತ್ತು ಮೈಲಿಗೇ ಬ್ಯಾಟರಿ ಬರಿದಾಯಿತು. ವಿಧಿಯಿಲ್ಲದೆ ಆರಿನ್‌ನ ಕೊಟ್ಟಿಗೆಯ ಮುಂದೆ ನಿಲ್ಲಿಸಿದಳು.

"ಏನಕ್ಕಾ, ಕುದುರೆಗಳು ಹಾಯಾಗಿ ಸವಾರಿ ಮಾಡ್ತಿದ್ದಾವಾ? ಇಳಿಸಿ ಮುಂದೆ ಕಟ್ಟು, ಗಾಡಿ ಎಳೀಲಿ!"

"ಬಾಯಿ ಮುಚ್ಕೊಂಡು ನಿನ್ನ ವೆಲ್ಡಿಂಗ್ ಮೆಷಿನ್ ಪ್ಲಗ್ ತೋರ್ಸೋ. ಅದ್ರಲ್ಲಿ ಜೋರು ಕರೆಂಟ್ ಬರುತ್ತೆ, ಗಾಡಿ ಚಾರ್ಜ್ ಮಾಡ್ಬೇಕು."

ಅಲ್ಲಿ ವೆಲ್ಡಿಂಗ್ ಪ್ಲಗ್ಗಿನ ಪಕ್ಕದಲ್ಲೇ ಹೊಸದೊಂದು ಸಾಕೆಟ್ ಇತ್ತು. ಮೇಲೆ ಸೀಮೆಸುಣ್ಣದಲ್ಲಿ 'ವರ್ನಾ' ಎಂದು ಬರೆದಿತ್ತು.

"ನೀನು ಗಾಡಿ ತಗೊಂಡ ವಾರವೇ ಹಾಕಿಸ್ದೆ," ಎಂದ ಆರಿನ್. "ಕಂಪನಿಯವ್ರು ಹೇಳೋದು ಖಾಲಿ ಗಾಡಿ ಲೆಕ್ಕ. ನೀನು ಯಾವತ್ತು ಖಾಲಿ ಓಡ್ಸಿದೀಯ?"

ವರ್ನಾ ಗಾಡಿಗೆ ವೈರ್ ಸಿಕ್ಕಿಸಿ, ಲಾಳದ ಪೆಟ್ಟಿಗೆ ಕೆಳಗಿಳಿಸಿದಳು. ಬ್ಯಾಟರಿ ತುಂಬುವಷ್ಟರಲ್ಲಿ ದನ ಕಾಯಲು ಅವನು ಇಟ್ಟುಕೊಂಡಿದ್ದ ಆರೂ ಕುದುರೆಗಳಿಗೆ ಹೊಸ ಲಾಳ ಕಟ್ಟಿ ಮುಗಿಸಿದ್ದಳು.