ಕಿವಿಗಲ್ಲಿನ ಪೆಟ್ಟಿಗೆ

ಅನುಸೂಯಾಳಿಗೆ ಇದ್ದದ್ದು ಒಂದೇ ಆಸೆ, ಒಂದು ಮೀನಿಗೆ ಹೆಸರಿಡಬೇಕು. ಅಂತಿಂಥ ಮೀನಲ್ಲ, ನಾಲ್ಕು ಕೋಟಿ ವರ್ಷದ ಹಿಂದೆ ಸತ್ತದ್ದು. ಮುಳ್ಳು, ಹುರುಪೆ ಎಲ್ಲ ಮಣ್ಣಾಗಿ ಉಳಿದದ್ದು ಕಿವಿಯೊಳಗಿನ ಸುಣ್ಣದ ಕಲ್ಲು ಮಾತ್ರ, ಅಕ್ಕಿಕಾಳಿನಷ್ಟು. ಅದರ ಒಳಮೈಯಲ್ಲೊಂದು ಗೀರು ಇರುತ್ತದೆ, ಜಾತಿಗೊಂದು ಬಗೆ. ಆ ಗೀರು ನೋಡಿಯೇ ಮೀನು ಯಾವುದೆಂದು ಹೇಳಬೇಕು.

ಅಫಜಲಪುರದ ಕಡೆಯಿಂದ ಪುಣೆಗೆ ಗಾರೆ ಕೆಲಸಕ್ಕೆ ಬಂದವರ ಮಗಳು ಅವಳು. ಭೂವಿಜ್ಞಾನ ಓದಿ, ಒಂದು ಸಂಶೋಧನಾ ಸಂಸ್ಥೆಯಲ್ಲಿ ಹಂಗಾಮಿಯಾಗಿ ಸೇರಿ, ಹಂಗಾಮಿಯಾಗಿಯೇ ತಲೆ ನರೆಸಿಕೊಂಡಳು. ಮೀನು ಮುಟ್ಟದ ಮನೆಯವಳು ಪುಣೆಯ ಕ್ಯಾಂಪ್ ಬಡಾವಣೆಯ ಮಾರ್ಕೆಟ್ಟಿನಿಂದ ಮೀನಿನ ತಲೆಗಳನ್ನು ತಂದು, ಮೂಗು ಮುಚ್ಚಿಕೊಂಡು ಸೀಳಿ, ಕಿವಿಗಲ್ಲು ತೆಗೆದು, ಗುಜರಾತಿನ ಕಚ್ಛದ ಗಣಿಯಲ್ಲಿ ತನಗೆ ಸಿಕ್ಕಿದ್ದ ಹಳೆಯ ಕಲ್ಲುಗಳ ಜೊತೆ ಹೋಲಿಸಿದಳು. ಯಾವುದಕ್ಕೂ ಹೊಂದಲಿಲ್ಲ. ಹೊಸ ಮೀನೇ! ಆ ಗಣಿಯಲ್ಲಿ ಈಗ ನೀರು ತುಂಬಿದೆ. ಇನ್ನೊಂದು ಸಿಗುವ ಮಾತೇ ಇಲ್ಲ.

ರಾಂಜಣಗಾಂವದ ಕಾರ್ಖಾನೆಯಲ್ಲಿ ದುಡಿಯುವ ಗಂಡ ಭೀಮುಗೆ ಮೀನಿನ ಗೊಡವೆ ಬೇಕಿರಲಿಲ್ಲ, ಹೆಂಡತಿಯ ಖುಷಿ ಬೇಕಿತ್ತು. ಮಳೆಗಾಲದ ತೇವಕ್ಕೆ ಕಲ್ಲು ಹಾಳಾದಾವೆಂದು ರಜೆಯಲ್ಲೆಲ್ಲ ಕೂತು ಕಟ್ಟಿಗೆಯ ಪೆಟ್ಟಿಗೆ ಮಾಡಿಕೊಟ್ಟ. ಸಂದಿಗೆಲ್ಲ ರಬ್ಬರ್ ಪಟ್ಟಿ. ಇರುವೆಯಿರಲಿ, ಗಾಳಿಯೂ ನುಸುಳದು. ಅವಳು ಕಲ್ಲುಗಳನ್ನು ಅದರಲ್ಲಿಟ್ಟು ನಿಶ್ಚಿಂತೆಯಿಂದ ಪ್ರಬಂಧ ಬರೆಯಲು ಕೂತಳು. ಮಳೆಗಾಲಗಳು ಕಳೆದವು.

ಈ ವಾರ ಪೆಟ್ಟಿಗೆ ತೆರೆದರೆ ಕಲ್ಲುಗಳ ಮೇಲೆ ಬಿಳಿ ಹಿಟ್ಟು. ಕುಂಚದಿಂದ ಸರಿಸಿದರೆ ಹಿಟ್ಟಿನ ಜೊತೆ ಗೀರೂ ಉದುರಿತು. ಸಹೋದ್ಯೋಗಿ ಶೀತಲ ಸೂಕ್ಷ್ಮದರ್ಶಕದಲ್ಲಿ ನೋಡಿ ತಲೆಯಾಡಿಸಿದಳು. ಕಟ್ಟಿಗೆ ಹುಳಿ ಆವಿ ಬಿಡುತ್ತದೆ, ಮುಚ್ಚಿದ ಪೆಟ್ಟಿಗೆಯಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ, ಸುಣ್ಣವನ್ನು ತಿನ್ನುತ್ತ ಕೂರುತ್ತದೆ, ಅಂದಳು. ಅನುಸೂಯಾ ಇದನ್ನೆಲ್ಲ ಓದಿದ್ದವಳೇ. ಗಂಡ ಪ್ರೀತಿಯಿಂದ ಮಾಡಿದ ಪೆಟ್ಟಿಗೆಯೂ ಕಟ್ಟಿಗೆಯೇ ಅನ್ನುವುದು ಹೊಳೆದಿರಲಿಲ್ಲ. ಸುಡಲಿ ಆ ಓದು! ಹಳೆಯ ಫೋಟೋಗಳಿದ್ದವು, ನಿಜ. ಆದರೆ ಕಲ್ಲಿಲ್ಲದೆ ಬರೀ ಫೋಟೋ ತೋರಿಸಿ ಹೆಸರಿಟ್ಟರೆ ಯಾರು ಒಪ್ಪುತ್ತಾರೆ?

ಸಂಜೆ ರೊಟ್ಟಿ ಬಡಿಯುತ್ತಿದ್ದವಳ ಮುಖವನ್ನು ಊಟಕ್ಕೆ ಕೂತ ಭೀಮು ನೋಡಿದ.

“ಏನಾತು? ಮಾರಿ ಯಾಕ ಹಂಗ ಅದ?”

“ಕಲ್ಲು ಹಾಳಾದುವ್ರಿ. ಭಾಳ ಹಳೇವಲ್ಲ...”

“ಕೋಟಿ ವರ್ಷ ಮಣ್ಣಾಗ ಇದ್ದು ಏನೂ ಆಗಲಿಲ್ಲ, ನಮ್ಮ ಪೆಟಿಗ್ಯಾಗ ಹಾಳಾದುವಾ?” ಅವನ ಕೈಯ ತುತ್ತು ಅಲ್ಲೇ ನಿಂತಿತು. “ನಾನೇ ಎಲ್ಲೋ ಸಂದಿ ಬಿಟ್ಟೀನೇನು? ಗಾಳಿ ಹೊಕ್ಕಿರಬೇಕು.”

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿದಳು.

“ಇಲ್ರಿ,” ಅಂದಳು. “ನೀವು ಭಾಳ ಭದ್ರ ಮಾಡಿದ್ರಿ.”

ಭೀಮುನ ಮುಖ ಹಗುರಾಯಿತು. ಇನ್ನೊಂದು ರೊಟ್ಟಿ ಹಾಕಿಸಿಕೊಂಡ.